ಮರಗವ್ವನ ರೈಲು

“ಅದನ್ನ ಮುಟ್ಟಬ್ಯಾಡ್ರಿ ಸಾಹೇಬ್ರ. ಊರ ಬ್ಯಾನಿ ಎಲ್ಲಾ ಅದರಾಗ ಕುಂತೈತಿ.”

ಊರಿನ ಮುದುಕಿ ಬೋರವ್ವ ಇಷ್ಟು ಹೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹಿರೇಗುಡ್ಡ ಊರಿನ ಸೀಮೆಗಲ್ಲಿನ ಪಕ್ಕ, ಬೇವಿನ ನೆರಳಲ್ಲಿ, ಒಂದೂವರೆ ಮೊಳ ಉದ್ದದ ಮರದ ಗಾಡಿ ನಿಂತಿತ್ತು. ಅದರೊಳಗೆ ಹಸಿರು ಬಳೆ, ಕುಬಸದ ಕಣ, ಕುಂಕುಮ ಮೆತ್ತಿದ ನಿಂಬೆಹಣ್ಣು, ಕವಡೆಯ ಕಣ್ಣಿನ ಒಂದು ಗೇಣುದ್ದದ ಕಟ್ಟಿಗೆಯ ದೇವಿ. ವಾಂತಿಭೇದಿ ಬಂದ ಊರು ಬೇನೆಯ ದೇವಿ ಮರಗವ್ವನನ್ನು ಹೀಗೆ ಗಾಡಿಯಲ್ಲಿ ಕೂರಿಸಿ, ಹಗ್ಗ ಕಟ್ಟಿ, ಗಡಿಯ ತನಕ ಎಳೆದು ಬಿಡುತ್ತದೆ. ಅಲ್ಲಿಂದ ಮುಂದಿನ ಊರಿನವರು ತಮ್ಮ ಗಡಿಗೆ, ಅವರಾಚೆಯವರು ಮತ್ತೂ ಮುಂದಕ್ಕೆ. ಗಾಡಿ ಹಿಂದಿರುಗಬಾರದು, ಅಷ್ಟೇ. ಮರುದಿನ ಮಂಗಳವಾರ, ಮುಂದಿನ ಊರಿನವರು ಬರುವವರಿದ್ದರು.

ಸೀತಾಪತಿ ಕುಕ್ಕರುಗಾಲಲ್ಲಿ ಕೂತು ಚಕ್ರ ತಿರುಗಿಸಿ ನೋಡಿದ. ಹಳೆಯ ಸಾಗುವಾನಿ. ಕಬ್ಬಿಣದ ಪಟ್ಟಿ ಬಿಗಿದ ನಾಲ್ಕು ಚಕ್ರ. ಅವನ ಕಣ್ಣು ಅರಳಿತು.

“ಕೂತಿದ್ದರೆ ಕೂತಿರಲಿ ಬಿಡಮ್ಮ. ನಮ್ಮ ರೈಲಿನಲ್ಲಿ ಜಾಗ ಬೇಕಾದಷ್ಟಿದೆ. ಟಿಕೆಟ್ಟೂ ಕೇಳೋದಿಲ್ಲ.”

ಬಳೆ, ನಿಂಬೆಹಣ್ಣು, ದೇವಿ ಎಲ್ಲವನ್ನೂ ಬೇವಿನ ಬುಡಕ್ಕೆ ಸುರಿದು, ಬರಿಗಾಡಿಯನ್ನು ಕಂಕುಳಲ್ಲಿ ಇರುಕಿಕೊಂಡು ಅವನು ಊರೊಳಕ್ಕೆ ನಡೆದ. ಶ್ಯಾಣ್ಯಾ ಮನುಷ್ಯನ ಕೈಗೆ ಒಳ್ಳೆಯ ಕಟ್ಟಿಗೆ ಸಿಕ್ಕಿತು, ಇನ್ನು ದೇವರು ದಿಂಡರು ಯಾವ ಲೆಕ್ಕ.

ಅವನ ಕಸುಬೇ ಅಂಥದ್ದು. ಮದರಾಸಿನ ಸ್ಟುಡಿಯೋಗಳಲ್ಲಿ ಸಿನಿಮಾಕ್ಕೆಂದು ಆಟಿಕೆ ರೈಲು ಮಾಡುತ್ತಿದ್ದ. ತೆರೆಯ ಮೇಲೆ ಅದು ಸೇತುವೆಯಿಂದ ಉರುಳಿದರೆ ಜನ ಕುರ್ಚಿ ಬಿಟ್ಟು ಏಳುತ್ತಿದ್ದರು. ಈಗ ಬಾದಾಮಿಯ ಸುತ್ತ ಒಂದು ಚಿತ್ರದ ಶೂಟಿಂಗ್ ನಡೆದಿತ್ತು. ಹಿರೇಗುಡ್ಡದ ಕೆಂಪು ಬಂಡೆಯ ಕೊರಕಲು, ಕ್ಯಾಮೆರಾವನ್ನು ನೆಲಕ್ಕಿಟ್ಟು ನೋಡಿದರೆ, ಪಾತಾಳದಂಥ ಕಣಿವೆಯಾಗಿ ಕಾಣುತ್ತಿತ್ತು. ಅದಕ್ಕೇ ಅವನನ್ನು ಈ ಊರಲ್ಲಿ ಬಿಟ್ಟಿದ್ದರು. ಮದರಾಸಿನಿಂದ ತಂದ ತಗಡಿನ ಎಂಜಿನ್ನು ಲಾರಿಯಲ್ಲಿ ಜಜ್ಜಿಹೋಗಿತ್ತು. ಬುಡವೂ ಇಲ್ಲ, ಚಕ್ರವೂ ಇಲ್ಲ. ಈ ಗಾಡಿ ಕೇಳಿ ಮಾಡಿಸಿದ ಹಾಗಿತ್ತು. ತಗಡನ್ನು ತಟ್ಟಿ ನೆಟ್ಟಗೆ ಮಾಡಿ ಅದರ ಮೇಲೆ ಕೂರಿಸಿದ.

ಜೊತೆಗೆ ಹೆಂಡತಿ ವಿಶಾಲು ಬಂದಿದ್ದಳು. ಎರಡು ಕೂಸು ಹೊಟ್ಟೆಯಲ್ಲೇ ಹೋಗಿದ್ದವು. ಇದು ಮೂರನೆಯದು, ಏಳು ತಿಂಗಳು ತುಂಬಿತ್ತು. ಮದರಾಸಿನಲ್ಲಿ ಒಬ್ಬಳನ್ನೇ ಬಿಡಲು ಅವನಿಗೆ ಧೈರ್ಯ ಸಾಲಲಿಲ್ಲ. ಜಗತ್ತಿನಲ್ಲಿ ಯಾವುದಕ್ಕೂ ಹೆದರದ ಆ ಮನುಷ್ಯ ಆ ಹೊಟ್ಟೆಗೆ ಮಾತ್ರ ಹೆದರುತ್ತಿದ್ದ. ಅವಳು ಗೋಡೆಗೆ ಒರಗಿ ಕೂತು, ರೈಲಿನೊಳಗಿನ ಗೊಂಬೆಗಳಿಗೆ ಕಣ್ಣು ಮೂಗು ಬರೆಯುತ್ತಿದ್ದಳು.

ತೆಗೆಯಬೇಕಾದ ದೃಶ್ಯ ಇಷ್ಟೇ. ಕಥಾನಾಯಕನ ತಾಯಿ ಹಳಿಯ ಮೇಲೆ ಬಿದ್ದಿದ್ದಾಳೆ. ರೈಲು ಧಾವಿಸಿ ಬಂದು ಅವಳಿಂದ ಒಂದು ಗೇಣು ದೂರದಲ್ಲಿ ನಿಲ್ಲಬೇಕು. ಅಷ್ಟು ಕರಾರುವಾಕ್ಕಾಗಿ ಆಟಿಕೆ ರೈಲನ್ನು ನಿಲ್ಲಿಸಲು ಯಾರಿಂದಲೂ ಆಗದು. ಅದಕ್ಕೆ ಸಿನಿಮಾದವರ ಯುಕ್ತಿ ಬೇರೆ: ರೈಲನ್ನು ತಾಯಿ ಗೊಂಬೆಯ ಎದುರೇ ಇಟ್ಟು, ತಂತಿ ಕಟ್ಟಿ ಹಿಂದಕ್ಕೆ ಎಳೆಯುವುದು, ರೀಲನ್ನು ತಿರುಗುಮುರುಗಾಗಿ ಓಡಿಸುವುದು. ತೆರೆಯ ಮೇಲೆ ರೈಲು ಮುಂದೆ ಬಂದು ನಿಂತಂತೆ ಕಾಣುತ್ತದೆ. ಹೊಗೆ ಮಾತ್ರ ಹಾಕುವಂತಿಲ್ಲ. ಹಾಕಿದರೆ ತೆರೆಯ ಮೇಲೆ ಹೊಗೆ ಕೊಳವೆಯೊಳಕ್ಕೆ ಇಳಿದು ಗುಟ್ಟು ರಟ್ಟಾಗುತ್ತದೆ.

ಅಂದೇ ಮಧ್ಯಾಹ್ನ ಸೀತಾಪತಿ ತಂತಿ ಎಳೆದ. ಕಿರ್ರ್ ಎಂದು ಚಕ್ರ ತಿರುಗಿದವು. ಕರಿಬಣ್ಣ ಬಳಿದ ಎಂಜಿನ್ನು ಬೆನ್ನು ಮುಂದಾಗಿ ಊರಿನ ಕಡೆ ಸರಿಯಿತು.

“ಹೊಗೆ ಯಾಕ್ರೀ ಹಾಕಿದ್ರಿ?” ಎಂದು ಕ್ಯಾಮೆರಾದವನು ರೇಗಿದ.

ಅವನು ಹಾಕಿರಲಿಲ್ಲ. ಕೊಳವೆಯಿಂದ ಬಿಳಿ ಹೊಗೆ ಏಳುತ್ತಿತ್ತು. ಹಸಿ ಬೇವು ಸುಟ್ಟ ವಾಸನೆ. ಅದರಡಿಯಲ್ಲಿ ಇನ್ನೊಂದು ವಾಸನೆ, ಹುಳಿಹುಳಿ, ರೋಗಿಯ ಹಾಸಿಗೆಯದು. ಸೀತಾಪತಿ ಕೊಳವೆಯೊಳಗೆ ಬೆರಳು ತೂರಿಸಿದ. ಒಳಗೆ ಏನೂ ಇರಲಿಲ್ಲ, ತಣ್ಣಗಿತ್ತು. ಹೊಸ ಬಣ್ಣ ಬಿಸಿಲಿಗೆ ಕಾದಿದೆ ಎಂದು ತನಗೆ ತಾನೇ ಹೇಳಿಕೊಂಡ. ಮತ್ತೆ ಎಳೆದ. ದೃಶ್ಯ ಸರಿ ಬರುವ ತನಕ, ಸಂಜೆವರೆಗೂ ಎಳೆದ.

ಬೆಳಗಾಗುವಷ್ಟರಲ್ಲಿ ಊರಿನ ಓಣಿ ಓಣಿಯಲ್ಲಿ ವಾಂತಿಭೇದಿ. ಮೊದಲು ಹೋದವಳು ಬೋರವ್ವನ ಮೊಮ್ಮಗಳು ಸೋಮವ್ವ. ಹಿಂದಿನ ವಾರ ಬದುಕಿ ಎದ್ದು, ಗಂಜಿ ಕುಡಿದು, ಅಂಗಳದಲ್ಲಿ ಆಡುತ್ತಿದ್ದ ಹುಡುಗಿ. ಮಧ್ಯಾಹ್ನಕ್ಕೆ ಅವಳ ಕಣ್ಣು ಗುಳಿಬಿದ್ದವು, ಬೆರಳ ತುದಿ ನೀಲಿಯಾದವು. ನೀರು ಕೇಳಿದಳು. ಕುಡಿದದ್ದು ಒಳಗೆ ನಿಲ್ಲಲಿಲ್ಲ. ಮಣ್ಣು ಮಾಡಿ ಬಂದ ಬೋರವ್ವ ನೇರವಾಗಿ ಸೀತಾಪತಿಯ ಬಾಗಿಲಿಗೆ ಬಂದಳು. ಅಳುತ್ತಿರಲಿಲ್ಲ.

“ಹಿಂದಕ್ಕ ಎಳದ್ರೇನ್ರಿ ಅದನ್ನ?”

ಇವಳಿಗೆ ಹೇಗೆ ತಿಳಿಯಿತು? ಶೂಟಿಂಗಿನ ಹತ್ತಿರ ಊರವರು ಒಬ್ಬರೂ ಬಂದಿರಲಿಲ್ಲ.

“ಮುಂದಕ್ಕ ಹ್ವಾದ್ರ ಹ್ವಾಕ್ಕಾಳ. ಹಿಂದಕ್ಕ ಎಳದ್ರ ಕಳಿಸಿದ್ದೆಲ್ಲಾ ತಿರುಗಿ ಬರ್ತೈತಿ. ಇನ್ನ ಯಾರ ಎಳದ್ರೂ ಆಕಿ ಹೊರಡಾಂಗಿಲ್ಲ. ತಂದಾವ್ರ ಎಳೀಬೇಕು.”

ಪಕ್ಕದ ಮನೆಯಲ್ಲಿ ಯಾರೋ ಕಕ್ಕುವ ಸದ್ದು. ಒಳಗಿನಿಂದ ವಿಶಾಲು, “ಏನ್ರೀ ಅದು, ಬೇವಿನ ವಾಸನೆ ಮನೆಯೊಳಗೆಲ್ಲಾ?” ಎಂದಳು. ಅಷ್ಟು ಕೇಳಿದ್ದೇ ತಡ, ಅವನ ಎದೆಯ ಬಡಾಯಿಯೆಲ್ಲ ಇಳಿದುಹೋಯಿತು.

“ಎಳೀತೀನಮ್ಮ. ಇವಳನ್ನು ಏನು ಮಾಡಲಿ?”

ಬೋರವ್ವ ಒಳಗೆ ಇಣುಕಿ ಆ ಹೊಟ್ಟೆಯನ್ನು ನೋಡಿದಳು. ತುಂಬಾ ಹೊತ್ತು ನೋಡಿದಳು.

“ಬಾಗಲಕೋಟಿಗೆ ಕಳಸ್ರಿ. ಹೊಳಿ ದಂಡಿ ಮ್ಯಾಲ ಹೆರಿಗಿ ದವಾಖಾನಿ ಐತಿ. ಅಲ್ಲಿ ನೆಳ್ಳು ಐತಿ, ತಂಪೈತಿ.”

ಅವನು ಅವಳ ಕಾಲು ಮುಟ್ಟಿ ನಮಸ್ಕರಿಸಿದ. ಮೈಸೂರಿನ ಬ್ರಾಹ್ಮಣ, ಅದೂ ಹೊಲೆಗೇರಿಯ ಮುದುಕಿಯ ಕಾಲನ್ನು! ಭಯ ಎಂಥೆಂಥವರ ಬೆನ್ನು ಬಗ್ಗಿಸುತ್ತದೆ ನೋಡಿ.

ಕಂಪನಿಯ ಜೀಪಿನ ಡ್ರೈವರ್ ಜಲಾಲುದ್ದೀನ ಅಂದೇ ವಿಶಾಲುವನ್ನು ಕರೆದೊಯ್ದ. ಬೋರವ್ವ ಬೇವಿನ ಬುಡದಿಂದ ಕವಡೆಗಣ್ಣಿನ ದೇವಿಯನ್ನು ಹೆಕ್ಕಿ ತಂದು, ಎಂಜಿನ್ನಿನೊಳಗೆ, ಡ್ರೈವರ್ ನಿಲ್ಲುವ ಜಾಗದಲ್ಲಿ ಕೂರಿಸಿದಳು. ಹೊಸ ಹಗ್ಗ ಕಟ್ಟಿ ಅವನ ಕೈಗೆ ಕೊಟ್ಟಳು. ಸೀತಾಪತಿ ಬಗ್ಗಿ ಎಳೆದ. ಕಂಕುಳಲ್ಲಿ ಇರುಕಿಕೊಳ್ಳಬಹುದಾಗಿದ್ದ ಎಂಜಿನ್ನು ಬಂಡೆಗಲ್ಲಿನಷ್ಟು ಭಾರವಾಗಿತ್ತು. ಅಂಗೈ ಕಿತ್ತುಹೋಯಿತು. ಇಕ್ಕೆಲದ ಮನೆಗಳ ಕದ ಮುಚ್ಚಿದ್ದವು. ಒಳಗಿನಿಂದ ನರಳುವ ಸದ್ದು ಮಾತ್ರ. ಗಡಿಯ ಆಚೆ ಮುಂದಿನ ಊರಿನ ಗಂಡಸರು ತಲೆ ತಗ್ಗಿಸಿ ಕಾದಿದ್ದರು. ಹಗ್ಗ ಕೈ ಬದಲಾಯಿತು. ಅವನ ಮುಖವನ್ನೂ ನೋಡದೆ ಎಳೆದುಕೊಂಡು ಹೋದರು.

ಊರಲ್ಲಿ ಬೇನೆ ನಿಂತಿತು. ಅಚ್ಚರಿ ಎಂದರೆ ಅಚ್ಚರಿ, ಕಾಕತಾಳೀಯ ಎಂದರೆ ಅದೂ ಹೌದು. ಎರಡು ದಿನ ಕಳೆಯುವಷ್ಟರಲ್ಲಿ ಸೀತಾಪತಿ ಎರಡನೆಯದನ್ನೇ ಹೇಳತೊಡಗಿದ್ದ. ಬಾಗಲಕೋಟೆಗೆ ಹೊರಡುವ ಮುನ್ನ ಬೋರವ್ವನಿಗೆ ಹೇಳಿಹೋಗೋಣವೆಂದು ಅವಳ ಗುಡಿಸಲಿಗೆ ಹೋದ. ಅವಳು ಸೋಮವ್ವನ ಲಂಗವನ್ನು ಮಡಿಚುತ್ತ ಕೂತಿದ್ದಳು.

“ಗಾಡಿ ಈಗ ಎಲ್ಲಿವರೆಗೆ ಹೋಗಿರಬಹುದಮ್ಮ?”

“ಇವತ್ತ ಮುಟ್ಟತೈತಿ. ಯಾ ಊರಾವ್ರೂ ಒಂದ ರಾತ್ರಿಗಿಂತ ಹೆಚ್ಚಿಗಿ ಇಟಗೊಳ್ಳಾಂಗಿಲ್ಲ.”

“ಎಲ್ಲಿಗೆ ಮುಟ್ಟುತ್ತೆ?”

“ಹೊಳಿಗೆ. ಹೊಳ್ಯಾಗ ಬಿಟ್ರ ಮುಗೀತು.”

“ಯಾವ ಹೊಳೆ?”

ಅವಳು ತಲೆಯೆತ್ತಿದಳು. ಆ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದದ್ದು ಸಮಾಧಾನ.

“ಬಾಗಲಕೋಟಿ ಹೊಳಿ. ದವಾಖಾನಿ ಮುಂದಿಂದನ ಹ್ವಾಕ್ಕೈತಿ ದಾರಿ. ನನ್ನ ಕೂಸ್ನ ನೀವ್ ತಿಂದ್ರಿ. ನಿಮ್ಮ ಕೂಸಷ್ಟ ಯಾಕ ಉಳೀಬೇಕ್ರಿ?”

ಸೀತಾಪತಿ ರಸ್ತೆಗೆ ಓಡಿದ. ಬಸ್ಸು ಸಿಕ್ಕಿತು. ಕಿಟಕಿಯ ಸರಳು ಹಿಡಿದು ಕೂತ. ಬಾಗಲಕೋಟೆ ಇನ್ನೇನು ಬಂತು ಎನ್ನುವಾಗ ಬಸ್ಸು ನಿಂತಿತು. ಡ್ರೈವರ್ ಎಂಜಿನ್ನು ಆರಿಸಿ, ಚಪ್ಪಲಿ ಕಳಚಿ, ಕೈ ಮುಗಿದ. ಮುಂದೆ ರಸ್ತೆಯ ನಡುವೆ ಒಂದು ಗುಂಪು ಸದ್ದಿಲ್ಲದೆ ನಡೆಯುತ್ತಿತ್ತು. ಅದರ ನಡುವೆ, ಸಣ್ಣದಾಗಿ, ಕಪ್ಪಗೆ, ಅವನದೇ ರೈಲು.

“ಪಕ್ಕದಲ್ಲಿ ಹೊಡೀರಿ. ದಾಟಿಸಿ.”

“ಅವ್ವನ ದಾಟಿ ಹೋಗಾಂಗಿಲ್ರಿ. ಮುಂದ ಹ್ವಾದಾವ್ರು ಆಕೀನ ಕರದಂಗ ಆಕ್ಕೈತಿ. ಅವರ ಮನಿಗೇ ಬರ್ತಾಳ.”

ಸೀತಾಪತಿ ಲೆಕ್ಕ ಹಾಕಿದ. ಹಿಂದೆ ಉಳಿದರೆ ಗಾಡಿ ಮೊದಲು ಮುಟ್ಟುತ್ತದೆ. ಮುಂದೆ ಹೋದರೆ ತಾನೇ ಕರೆದಂತೆ. ಆದರೆ ವಿಶಾಲುವನ್ನು ಎತ್ತಿಕೊಂಡು ಎತ್ತಲಾದರೂ ಓಡಬಹುದಲ್ಲ, ಒಂದು ಗಳಿಗೆ ಸಿಕ್ಕರೂ ಸಾಕಲ್ಲ ಎನ್ನಿಸಿತು. ಗಂಡನಾದವನು ಇನ್ನೇನು ಮಾಡಿಯಾನು?

ಬಸ್ಸಿನಿಂದ ಇಳಿದ. ಹೊಲಕ್ಕೆ ಬಿದ್ದ. ಜೋಳದ ಕೂಳೆ ಪಾದ ಸೀಳಿತು. ಗುಂಪನ್ನು ಬಳಸಿ ಮತ್ತೆ ರಸ್ತೆಗೆ ಹತ್ತಿದ. ಯಾರೂ ತಡೆಯಲಿಲ್ಲ. ಯಾರೂ ಕರೆಯಲಿಲ್ಲ. ಓಡಿದ. ಹಿಂದೆ ಕಿರ್ರ್ ಎಂಬ ಸದ್ದು. ಗುಂಪು ದೂರವಾಗಿರಬೇಕು, ಸದ್ದು ದೂರವಾಗಲಿಲ್ಲ. ಜೋರಾಗಿ ಓಡಿದ. ಸದ್ದೂ ಜೋರಾಯಿತು. ತಿರುಗಿ ನೋಡಲಿಲ್ಲ. ನೋಡಲಾರದಷ್ಟು ಹೆದರಿದ್ದ. ಬೇವಿನ ಹೊಗೆ ಮೂಗಿಗೆ ಬಡಿಯಿತು. ಊರು ಬಂತು. ಓಣಿ. ಹೊಳೆಯ ತಂಪುಗಾಳಿ. ದವಾಖಾನೆಯ ಮೆಟ್ಟಿಲು. ಹಿಂದೆ ಮೆಟ್ಟಿಲ ಮೇಲೆ ಟಕ್. ಟಕ್. ಟಕ್.

ವಿಶಾಲು ಕಿಟಕಿಯ ಪಕ್ಕದ ಮಂಚದಲ್ಲಿ ಕೂತು ಮೊಸರನ್ನ ತಿನ್ನುತ್ತಿದ್ದಳು. ಕೆನ್ನೆ ತುಂಬಿತ್ತು. ಬೆಳಗಿನಿಂದ ಕೂಸು ಒಂದೇ ಸಮ ಒದೆಯುತ್ತಿದೆ ಎಂದು ನಕ್ಕಳು. ಸೀತಾಪತಿಗೆ ಅಳು ಬಂತು. ಗೆದ್ದೆ ಎನ್ನಿಸಿತು.

“ಏಳು ವಿಶಾಲು. ಈಗಲೇ ಹೋಗೋಣ.”

ಅವಳು ಏಳಲಿಲ್ಲ. ಅವನ ಹಿಂದೆ, ಹೊಸ್ತಿಲ ಕಡೆ ನೋಡುತ್ತಿದ್ದಳು.

“ಇಷ್ಟು ದೂರ ಅದನ್ನು ಯಾಕ್ರೀ ಎಳ್ಕೊಂಡು ಬಂದ್ರಿ? ಪಾಪುಗಾ?”

ಸೀತಾಪತಿ ತನ್ನ ಬಲಗೈ ನೋಡಿಕೊಂಡ. ಬಿಗಿಮುಷ್ಟಿ. ಅದರೊಳಗೆ ರಕ್ತ ಮೆತ್ತಿದ ಹಗ್ಗ. ಯಾವಾಗ ಹಿಡಿದ? ಯಾರು ಕೊಟ್ಟರು? ಬಿಡಲು ನೋಡಿದ. ಬೆರಳು ಬಿಚ್ಚಲಿಲ್ಲ. ಹಗ್ಗ ಹೊಸ್ತಿಲ ತನಕ ಹೋಗಿತ್ತು. ಅಲ್ಲಿ ಎಂಜಿನ್ನು ಮುಂದಿನ ಚಕ್ರವನ್ನು ಕೋಣೆಯೊಳಗೆ ಇಟ್ಟು ನಿಂತಿತ್ತು. ಕವಡೆಯ ಕಣ್ಣು ಮಂಚವನ್ನೇ ನೋಡುತ್ತಿದ್ದವು.

ವಿಶಾಲು ತಟ್ಟೆ ಕೆಳಗಿಟ್ಟು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಅವಳ ನಗು ಇನ್ನೂ ಪೂರ್ತಿ ಆರಿರಲಿಲ್ಲ.

“ರೀ, ಒದೆಯೋದು ನಿಂತುಹೋಯ್ತು” ಎಂದಳು.