ಶ್ರುತಿ ಹಿಡಿದವನು

"ಒಳಗೆ ಬರಬೇಡ."

ಅವೆತಿಕ್ ಹೊಸಿಲಿನ ಆಚೆಯೇ ನಿಂತ. ಈಚೆ ಅರುಸ್ಯಾಕ್. ನಲವತ್ತು ದಿನಗಳ ಮೇಲೆ ಅವನ ಮುಖ ನೋಡುತ್ತಿದ್ದಳು. ಕೋಪ ಬರಬೇಕಿತ್ತು... ಬರಲಿಲ್ಲ.

ಅಪ್ಪ ಸತ್ತಾಗಿನಿಂದ ಅವಳಿಗೆ ಏನೂ ಬಂದಿರಲಿಲ್ಲ. ಅಳುವೂ! ಹಾಲು ಉಕ್ಕಿ ಒಲೆ ಆರಿದರೂ ನೋಡುತ್ತ ನಿಂತಿರುತ್ತಿದ್ದಳು. ಮಾಳಿಗೆಯ ಮೇಲೆ ಒಣಹಾಕಿದ ಜರದಾಳು ಹಣ್ಣಿಗೆ ಕಣಜ ಮುತ್ತಿದರೆ, ಓಡಿಸದೆ ಇಳಿದು ಬರುತ್ತಿದ್ದಳು.

ಅಪ್ಪ ಮಾನುಕ್ ಉಸ್ತಾದ್ ಸುತ್ತಲ ಹತ್ತೂರಿನ ಸಾವಿಗೆ ಊದಿ ಹೆಸರಾದ ದುದುಕ್ ವಾದಕ. ಜರದಾಳು ಮರದ ಆ ವಾದ್ಯಕ್ಕೆ ಜೊಂಡಿನ ಪೀಪಿ ಕೊಯ್ದು ಕೊಡುತ್ತಿದ್ದವಳು ಅರುಸ್ಯಾಕ್. ಹನ್ನೆರಡು ವರ್ಷ ಅಪ್ಪನ ಪಕ್ಕ ಕೂತು, ಕೆನ್ನೆಯುಬ್ಬಿಸಿ, ತನ್ನ ದುದುಕ್ಕಿನಲ್ಲಿ ಉಸಿರು ಕಡಿಯದೆ ಶ್ರುತಿ ಹಿಡಿದವನು ಅವೆತಿಕ್. ರಾಗ ಎಲ್ಲಿಗೇ ಹೋದರೂ ತಿರುಗಿ ಬರಲು ಒಂದು ಮನೆ ಬೇಕಲ್ಲ... ಆ ಮನೆ ಅವನು.

ಆದರೆ ಅಪ್ಪನ ಹೆಣ ಅಂಗಳದಲ್ಲಿದ್ದಾಗ ಅವನು ಊದಲಿಲ್ಲ. "ನನ್ನಿಂದಾಗಲ್ಲ" ಎಂದನಂತೆ, ಅಷ್ಟೇ. ಪಕ್ಕದೂರಿನ ಪೆತ್ರೋಸ್ ತನ್ನ ಜೊತೆಗಾರನನ್ನು ಕರೆತಂದು ಊದಿ ಹೋದ. ಆಮೇಲೆ ಅವೆತಿಕ್ ಮೂರು ಸಲ ಬಂದು ಕದ ತಟ್ಟಿದ. ಅವಳು ತೆಗೆಯಲಿಲ್ಲ.

'ಹನ್ನೆರಡು ವರ್ಷ ಉಂಡ ಮನೆಗೆ ಒಂದು ಗಳಿಗೆಯ ಉಸಿರು ಕೊಡಲಾಗಲಿಲ್ಲವೇ?'

"ನನ್ನ ಪೀಪಿ ಒಡೆದುಹೋಯ್ತು ಅರುಸ್ಯಾಕ್. ಹೊಸದೊಂದು ಬೇಕಿತ್ತು."

"ಪೆತ್ರೋಸ್ ಹತ್ರ ಕೇಳು. ಅಪ್ಪನ ದುದುಕ್ಕನ್ನೂ ಇವತ್ತು ಅವನಿಗೇ ಕೊಡ್ತಿದ್ದೀನಿ."

ಅವನ ಮುಖ ಬಿಳಿಚಿತು. "ನಿನ್ನಿಷ್ಟ" ಎಂದ. ಆದರೆ ಹೋಗಲಿಲ್ಲ. ಅಂಗಳಕ್ಕೆ ಇಳಿದು, ಸಾವಿನ ನಲವತ್ತನೇ ದಿನದ ಊಟಕ್ಕೆ ಬೆಂಚು ಹಾಕತೊಡಗಿದ.

ಸಮಾಧಿಗೆ ಧೂಪ ಹಾಕಿ ಬಂದದ್ದಾಯಿತು. ಬಂದವರು ಸಾವಿನ ಮನೆಯ ರೂಢಿಯಂತೆ ಗ್ಲಾಸಿಗೆ ಗ್ಲಾಸು ತಾಗಿಸದೆ ಕುಡಿದು, ಉಸ್ತಾದನಿಗೆ ಬೆಳಕು ಸಿಗಲೆಂದು ಹಾರೈಸಿದರು. ಅಡುಗೆಮನೆಯಲ್ಲಿ ಅರುಸ್ಯಾಕ್ ಹಲ್ವಾ ತಿರುವುತ್ತಿದ್ದಳು. ದುದುಕ್ಕಿನ ಬಟ್ಟೆಗಂಟು ಪಕ್ಕದಲ್ಲೇ ಇತ್ತು. ನೆರೆಮನೆಯ ಹ್ರಿಪ್ಸಿಕ್ ಅತ್ತೆ ಅದನ್ನು ಕಂಡಳು.

"ಪೆತ್ರೋಸ್‌ಗೆ ಕೊಡ್ತೀಯಂತೆ? ನಿನ್ನ ತಲೇಲಿರೋದು ಬುದ್ಧಿನಾ, ಹಲ್ವಾನಾ?"

"ಊದಿದವನು ಅವನು ಅತ್ತೆ."

"ನಿಮ್ಮಮ್ಮ ಸತ್ತಾಗ ಯಾರು ಊದಿದ್ದು? ನಿಮ್ಮಪ್ಪನಾ?"

ಸೌಟು ನಿಂತಿತು.

ಅಲ್ಲ... ಅಪ್ಪ ಅಂದು ಬರಿಗೈಯಲ್ಲಿ ನಿಂತಿದ್ದ. ಅವನ ಮಾತು ಈಗಲೂ ಕಿವಿಯಲ್ಲಿತ್ತು: 'ಪರರ ಸಾವಿಗೆ ನಮ್ಮ ಉಸಿರು, ನಮ್ಮ ಸಾವಿಗೆ ಪರರ ಉಸಿರು. ಮನೆಯವನು ಊದಬಾರದು.'

"ಅದು ಮನೆಯವರಿಗಲ್ವಾ ಅತ್ತೆ..."

"ಮತ್ತೆ ಶವದ ಪೆಟ್ಟಿಗೆಗೆ ಮುಂದಿನ ಹೆಗಲು ಕೊಟ್ಟದ್ದು ಯಾರೇ? ಗಂಡುಮಗ ಇಲ್ಲದ ಮನೆ. ಕರೆಯದೇ ಬಂದು ನಿಂತ ಅವೆತಿಕ್. ನೀನು ಕಲ್ಲಾಗಿ ಕೂತಿದ್ದೆ, ಏನು ತಾನೇ ನೋಡಿದೆ?"

ಅರುಸ್ಯಾಕ್ ಗಂಟನ್ನೆತ್ತಿಕೊಂಡು, ಒಂದು ಲೋಟ ನೀರು ಹಿಡಿದು ಹೊರಗೆ ಬಂದಳು. ಜನ ಚದುರುತ್ತಿದ್ದರು. ಅವೆತಿಕ್ ಬೆಂಚು ಎತ್ತಿಡುತ್ತಿದ್ದ.

"ಆವತ್ತೇ ಯಾಕೆ ಹೇಳಲಿಲ್ಲ?"

ಅವನಿಗೆ ಅರ್ಥವಾಯಿತು. ಬೆಂಚು ಕೆಳಗಿಟ್ಟ.

"ಈ ಮನೆಯವನು ಅಂತ ಯಾವ ಬಾಯಲ್ಲಿ ಹೇಳ್ಕೊಳ್ಳಲಿ? ಹೇಳಿದ್ರೆ ನಿನ್ನ ಕೈ ಕೇಳಿದ ಹಾಗೇ. ಹೆಣ ಇಟ್ಕೊಂಡು ಹೆಣ್ಣು ಕೇಳ್ತಾರಾ, ಅರುಸ್ಯಾಕ್ ಜಾನ್?"

ಅವಳು ಬೆಂಚಿನ ಮೇಲೆ ಕುಳಿತು ಗಂಟು ಬಿಚ್ಚಿದಳು. ಅಪ್ಪನ ಪೀಪಿ ಒಣಗಿ, ಎರಡು ತುಟಿಯೂ ಬಿಗಿದುಕೊಂಡಿತ್ತು. ಅದನ್ನು ನೀರಲ್ಲಿ ಅದ್ದಿ ತೆಗೆದು, ಅಂಗೈಯಲ್ಲಿಟ್ಟುಕೊಂಡಳು. ತಾನಾಗಿ ತೆರೆಯುವವರೆಗೆ ಕಾಯಬೇಕು.

"ನಿಂದು ಹೇಗೆ ಒಡೀತು?"

"ನೆನೆಸೋದು ಮರೆತು ಊದಿದೆ."

"ಹನ್ನೆರಡು ವರ್ಷದಲ್ಲಿ ಕಲಿತದ್ದು ಇಷ್ಟೇನಾ!"

ಅವನು ತಲೆ ತಗ್ಗಿಸಿ ನಕ್ಕ. ಅವಳ ತುಟಿಯ ತುದಿಯೂ ಕದಲಿತು... ನಗುವೋ ಏನೋ, ಅವಳಿಗೇ ತಿಳಿಯಲಿಲ್ಲ.

"ಅವೆತಿಕ್, ನಂಗೆ ಇನ್ನೂ ಅಳು ಬಂದಿಲ್ಲ."

"ಬರದಿದ್ರೆ ಬೇಡ. ಇನ್ನೊಂದಿಷ್ಟು ನೆನೀಲಿ."

ಬಹಳ ಹೊತ್ತು ಇಬ್ಬರೂ ಅಂಗೈಯನ್ನೇ ನೋಡುತ್ತ ಕೂತರು. ಕೊನೆಗೆ ಪೀಪಿಯ ತುಟಿ ಕೂದಲೆಳೆಯಷ್ಟು ಬಿಟ್ಟುಕೊಂಡಿತು. ಅವಳು ಅದನ್ನು ದುದುಕ್ಕಿಗೆ ಸಿಕ್ಕಿಸಿ ಅವನ ಕೈಗೆ ಕೊಟ್ಟಳು.

"ಅಮ್ಮನ ನಲವತ್ತು ಮುಗಿದ ಮಾರನೇ ದಿನ ಅಪ್ಪ ಊದಿದ್ದ. ನಾಳೆ ನೀನು ಊದು."

"ರಾಗ ಯಾರು ಊದ್ತಾರೆ? ನಂಗೆ ಶ್ರುತಿ ಹಿಡಿಯೋದಷ್ಟೇ ಗೊತ್ತು."

"ಶ್ರುತಿ ಸಾಕು."

ಅವಳು ಎದ್ದು ಹೊಸಿಲು ದಾಟಿದಳು. ಹಿಂದೆ ಹೆಜ್ಜೆಯ ಸದ್ದು ಕೇಳಲಿಲ್ಲ. ತಿರುಗಿ ನೋಡಿದರೆ, ಅವನು ಬೆಳಗ್ಗೆ ನಿಂತ ಜಾಗದಲ್ಲೇ ನಿಂತಿದ್ದ.

"ಇನ್ನೂ ಏನು ನಿಂತಿದ್ದೀಯ?"

"ಬರಬೇಡ ಅಂದಿದ್ದೆಯಲ್ಲ."

"ಒಳಗೆ ಬಾ ಅವೆತಿಕ್... ಮನೆಯವರನ್ನ ಯಾರಾದ್ರೂ ಕರೀತಾರಾ?"