ನಿಧಾನ ಓಡುವ ಹುಡುಗ

ರೈಲಿನ ಬಾಗಿಲಲ್ಲಿ ನಿಂತ ಬಸವೇಶ್ವರಿಗೆ ಮೊದಲು ಕಂಡದ್ದು ಅಣವೀರನ ಬೆರಳಲ್ಲಿ ಗಿರಗಿರ ತಿರುಗುತ್ತಿದ್ದ ಬೈಕಿನ ಕೀಲಿ. ಅದನ್ನು ನೋಡಿ ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ಅಳುವೂ ಬಂತು.

ಮನಾಲಿಯಿಂದ ಫೋನಿನಲ್ಲಿ ಅವಳು ಹೇಳಿದ್ದು ಇಷ್ಟೇ, ಮೊಣಕಾಲು ಸ್ವಲ್ಪ ಉಳುಕಿದೆ ಎಂದು. ಅದನ್ನೇ ನಂಬಿ ಅವನು ಬೈಕು ತೊಳೆದು, ಹಿಂದಿನ ಸೀಟಿಗೆ ಟವೆಲ್ಲು ಹಾಸಿ, ಸೇಡಂನಿಂದ ವಾಡಿ ಜಂಕ್ಷನ್ನಿಗೆ ಬಂದಿದ್ದ. ಈಗ ಇಬ್ಬರು ಹಮಾಲರು ಅವಳನ್ನು ಎತ್ತಿ ಪ್ಲಾಟ್‌ಫಾರ್ಮಿಗೆ ಇಳಿಸುತ್ತಿದ್ದರು. ಎಡಗಾಲು ತೊಡೆಯಿಂದ ಪಾದದವರೆಗೆ ಕಪ್ಪು ಪಟ್ಟಿಗಳಲ್ಲಿ ಬಿಗಿದುಕೊಂಡು ಒನಕೆಯಂತೆ ನೆಟ್ಟಗೆ ಚಾಚಿತ್ತು.

ಕೀಲಿ ತಿರುಗುವುದು ನಿಂತಿತು.

"ಇದಕ್ಕ ಉಳುಕು ಅಂತಾರೇನು?"

"ಮತ್ತೇನ್ ಅನ್ನಲಿ? ನೀ ಅಪ್ಪನ ಮುಂದ ಫೋನ್ ಸ್ಪೀಕರ್‌ಗೆ ಹಾಕಿದ್ದಿ."

"ನಾ ಬೈಕ್ ತಂದೀನಿ, ಬಸೂ."

"ಕಾಣಾಕತ್ತದ, ಮಾಂವಾ."

ಮಾಂವಾ ಎಂದು ಅವಳು ಕರೆಯುತ್ತಿದ್ದದ್ದು ಕಾಡಿಸಬೇಕೆನಿಸಿದಾಗ ಮಾತ್ರ. ಅಣವೀರ ಅವಳ ಸೋದರತ್ತೆ ಗುರುಲಿಂಗಮ್ಮನ ಮಗ. ಒಂದೇ ಓಣಿ, ಒಂದೇ ಹುಚ್ಚು. ಇಬ್ಬರಿಗೂ ಪಿಎಸ್‌ಐ ಆಗಬೇಕಿತ್ತು. ಬೆಳಗಿನ ಚಳಿಯಲ್ಲಿ ಹೈಸ್ಕೂಲು ಮೈದಾನದಲ್ಲಿ ಜೊತೆಯಾಗಿ ಓಡುತ್ತಿದ್ದರು. ಯಾವಾಗಲೂ ಅವಳೇ ಮುಂದೆ. ನಾಚಿಕೆಯಾಗುವುದಿಲ್ಲವೇ ಎಂದು ಅವಳು ಕೇಳಿದರೆ, "ಹಿಂದಿದ್ರ ನಿನ್ನ ಜಡಿ ಕುಣಿಯೋದು ಕಾಣ್ತದ" ಎನ್ನುತ್ತಿದ್ದ. ನೌಕರಿ ಸಿಕ್ಕ ಮೇಲೆ ಇಬ್ಬರಿಗೂ ಮದುವೆ ಎಂದು ಮನೆಯಲ್ಲಿ ಹಿರಿಯರು ಎಂದೋ ಮಾತಾಡಿಕೊಂಡಿದ್ದರು. ಅವರಿಬ್ಬರು ಮಾತ್ರ ಪ್ರೀತಿಯ ಮಾತು ಒಮ್ಮೆಯೂ ಆಡಿರಲಿಲ್ಲ.

ಅಷ್ಟರಲ್ಲಿ ಮನಾಲಿಯ ಸಾಹಸ ಶಿಬಿರಕ್ಕೆ ಅವಳ ಆಯ್ಕೆಯಾಯಿತು. ಹಿಮದ ಮೇಲೆ ಸ್ಕೀ ಜಾರುವುದನ್ನು ಕಲಿಸುತ್ತಾರೆಂದು ಕುಣಿಯುತ್ತ ಹೋದಳು. ಮೊದಮೊದಲು ಬಿದ್ದಳು, ನಕ್ಕಳು, ಎದ್ದಳು. ಆಮೇಲೆ ಒಂದು ಮಧ್ಯಾಹ್ನ ಇಳಿಜಾರಿನಲ್ಲಿ ಎಡಗಾಲಿನ ಸ್ಕೀ ಮೆತ್ತನೆಯ ಹಿಮದಲ್ಲಿ ಹೂತುಕೊಂಡಿತು. ಮೈ ತಿರುಗಿತು, ಪಾದ ತಿರುಗಲಿಲ್ಲ. ಒಣಗಿದ ಜೋಳದ ದಂಟು ಮುರಿದಂತೆ ಮೊಣಕಾಲಿನೊಳಗೆ ಟಕ್ ಎಂದದ್ದು ಅವಳಿಗೇ ಕೇಳಿಸಿತು.

ಬೈಕನ್ನು ಸ್ಟೇಷನ್ನಿನ ಸ್ಟ್ಯಾಂಡಿನಲ್ಲೇ ಬಿಟ್ಟು ಅಣವೀರ ಒಂದು ಟಂಟಂ ಆಟೊ ಗೊತ್ತು ಮಾಡಿದ. ಕಾಲು ಮಡಚಲಾಗದ್ದರಿಂದ ಅವಳು ಸೀಟಿನ ಉದ್ದಕ್ಕೂ ಕುಳಿತಳು. ಚಾಚಿದ ಕಾಲು ಅವನ ತೊಡೆಯ ಮೇಲೆ ಬಂತು. ಅಷ್ಟು ವರ್ಷ ಜೊತೆಗೆ ಓಡಿದವನು ಅವಳ ಪಾದವನ್ನು ಮುಟ್ಟಿದ್ದು ಅದೇ ಮೊದಲು.

"ಗಟ್ಟಿ ಹಿಡೀರಿ ಭಾಯಿ, ರಸ್ತಾ ಭಾಳ ಖರಾಬ್ ಅದ," ಎಂದ ಟಂಟಂ ಓಡಿಸುತ್ತಿದ್ದ ಶಾಹನವಾಜ, ಕನ್ನಡಿಯಲ್ಲಿ ನೋಡಿ ಮೀಸೆಯಲ್ಲೇ ನಗುತ್ತ.

ಚಿತ್ತಾಪುರ ದಾಟುವವರೆಗೂ ತಗ್ಗು ಬಂದಾಗಲೆಲ್ಲ ಅವನ ಅಂಗೈ ಅವಳ ಪಾದದ ಕೆಳಗೆ ಮೆತ್ತಗೆ ಏಳುತ್ತಿತ್ತು.

"ಹಿಮ ಹ್ಯಾಂಗಿತ್ತು?"

"ನಮ್ಮ ಕೋಡ್ಲಾ ಸಿಮೆಂಟ್ ಫ್ಯಾಕ್ಟರಿ ಧೂಳಿನಂಗ. ಎಲ್ಲಾ ಕಡಿ ಬೆಳ್ಳಗ. ತಣ್ಣಗಿತ್ತು ಅಷ್ಟ."

"ನನ್ನ ನೆನಪಾಯ್ತೇನು?"

"ಬಿದ್ದ ಮ್ಯಾಲ ಆಯ್ತು," ಎಂದಳು ಅವಳು, ಹೊರಗೆ ನೋಡುತ್ತ. ಅವನ ಕಿವಿ ಕೆಂಪಾಯಿತು.

ಕಲಬುರಗಿಯಲ್ಲಿ ಆಪರೇಷನ್ ಆಯಿತು. ಹರಿದ ಲಿಗಮೆಂಟಿಗೆ ಹೊಸದು ಕೂಡಿಸಿದರು. ಆದರೆ ಕೀಲಿನ ನಡುವಿನ ಮೆತ್ತೆಯೂ ಜಜ್ಜಿಹೋಗಿತ್ತು. ಪಟ್ಟಿ ಬಿಚ್ಚಿದ ಮೇಲೆ ಮೊಣಕಾಲು ಮಡಚಲೇ ಒಲ್ಲದು. ವಾರವಾರವೂ ಬಸ್ಸಿನಲ್ಲಿ ಫಿಜಿಯೊಥೆರಪಿಗೆ ಹೋಗಬೇಕಾಯಿತು. ಅಪ್ಪ ಕಾಶೀನಾಥನಿಗೆ ಫ್ಯಾಕ್ಟರಿಯ ಶಿಫ್ಟು ತಪ್ಪಿಸಲಾಗದು. ಅಣವೀರನೇ ಜೊತೆಗೆ ಹೋಗುತ್ತಿದ್ದ.

ಬಸ್ಸಿನಲ್ಲಿ ಅವಳಿಗೆ ಸೀಟು ಹಿಡಿದು, ಯಾರೂ ಕಾಲು ತುಳಿಯಬಾರದೆಂದು ತಾನು ಅಡ್ಡ ನಿಲ್ಲುತ್ತಿದ್ದ. ಸೇಡಂನಿಂದ ಕಲಬುರಗಿಯವರೆಗೂ ನಿಂತೇ.

"ಸೀಟ್ ಖಾಲಿ ಆಗ್ಯಾವ, ಕುಂದ್ರು."

"ಕುಂತ್ರ ನಿನ್ನ ಮಾರಿ ಕಾಣಂಗಿಲ್ಲ."

"ನನ್ನ ಮಾರಿ ನೋಡಿ ಏನ್ ಮಾಡ್ತಿ?"

"ನೋವಾದಾಗ ನೀ ಬಾಯಿ ಬಿಟ್ಟು ಹೇಳಂಗಿಲ್ಲ, ಹುಬ್ಬು ಹೇಳ್ತದ. ಅದಕ್ಕ ನೋಡಾಕತ್ತೀನಿ."

ಆ ಪ್ರಯಾಣಗಳಲ್ಲಿ ಅವಳು ಸುಖವಾಗಿದ್ದಳು. ಆ ಸುಖಕ್ಕಾಗಿ ತನ್ನ ಮೇಲೆ ತನಗೇ ಸಿಟ್ಟು ಬರುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಮೊಣಕಾಲು ಅರ್ಧ ಮಡಚಿತು, ಅಲ್ಲಿಗೇ ನಿಂತಿತು. ಫಿಜಿಯೊಥೆರಪಿಯ ಅಸ್ಫಿಯಾ ಮೇಡಂ ಅವಳನ್ನು ಎದುರಿಗೆ ಕೂರಿಸಿಕೊಂಡು, ಮೊದಲು ಅವಳ ಕೈ ಹಿಡಿದರು. ಕೈ ಹಿಡಿದಾಗಲೇ ಬಸವೇಶ್ವರಿಗೆ ತಿಳಿಯಿತು.

"ನಡೀತೀರಿ. ಮೆಟ್ಟಿಲಾ ಹತ್ತಿ ಇಳೀತೀರಿ. ಓಡೋದು ಮಾತ್ರ ಮನಸ್ಸಿನ್ಯಾಗಿಂದ ತೆಗೆದುಬಿಡ್ರಿ. ನಾ ಸುಳ್ಳ ಹೇಳಿದ್ರ ನಿಮಗ ಇನ್ನಾ ನೋವಾಗ್ತದ."

ಅವತ್ತು ಬಸ್ಸಿನಲ್ಲಿ ಅಣವೀರ ಶೇಂಗಾದ ಪೊಟ್ಟಣ ಕೊಂಡು ಅವಳ ಕೈಯಲ್ಲಿಟ್ಟ. ಇಬ್ಬರೂ ತಿನ್ನಲಿಲ್ಲ. ಇಳಿಯುವಾಗ ಅದು ಸೀಟಿನ ಮೇಲೇ ಉಳಿಯಿತು.

ಒಂದು ಸಂಜೆ ಗುರುಲಿಂಗಮ್ಮ ಹೋಳಿಗೆ ಕಟ್ಟಿಕೊಂಡು ಬಂದಳು. ಸೊಸೆಯಾಗಬೇಕಿದ್ದವಳ ಕಾಲನ್ನು ಮಡಿಲಿಗೆಳೆದುಕೊಂಡು, ಕುಬ್ಬಸದ ತೋಳು ಮೇಲೇರಿಸಿ, ಬಿಸಿ ಎಣ್ಣೆ ಹಚ್ಚತೊಡಗಿದಳು.

"ನೀ ನಮ್ಮಣ್ಣನ ಮಗಳು. ನಿಂಗ ನಾ ಕೆಟ್ಟದ್ದ ಬಯಸ್ತೀನೇನವ್ವಾ?"

"ಇಲ್ಲತ್ತಿ."

"ಅಂವ ಓಡಾಕ ಹೋಗೋದು ಬಿಟ್ಟಾನ. ಮುಂಜಾನಿ ಮೈದಾನಕ್ಕ ಹೋಗಿ ಸುಮ್ನ ಕುಂತು ಬರ್ತಾನಂತ. ಪಿಎಸ್‌ಐ ಬ್ಯಾಡ, ಕೋಡ್ಲಾದಾಗ ಕಾಂಟ್ರಾಕ್ಟ್ ಕೆಲಸಕ್ಕ ಹೋಗ್ತೀನಿ, ಊರಾಗ ಬಸೂನ ಹತ್ರ ಇರ್ತೀನಿ ಅಂತಾನ." ಎಣ್ಣೆಯ ಕೈ ಅಲ್ಲೇ ನಿಂತಿತು. ಒಂದು ಹನಿ ಕಣ್ಣೀರು ಮೊಣಕಾಲಿನ ಮೇಲೆ ಬಿತ್ತು. "ನನ್ನ ಮಾತ ಕೇಳಂಗಿಲ್ಲ. ನೀ ಹೇಳಿದ್ರ ಕೇಳ್ತಾನ."

ಹೊರಡುವಾಗ ಬಾಗಿಲಲ್ಲಿ ನಿಂತು, ಮುಖ ನೋಡದೆ ಇನ್ನೊಂದು ಮಾತು ಹೇಳಿದಳು. "ಚಿಂಚೋಳಿ ಕಡಿಂದ ಒಂದು ಸಂಬಂಧ ಬಂದದ, ಅವಂಗ."

ಬಸವೇಶ್ವರಿ ಹೋಳಿಗೆಯ ಡಬ್ಬಿ ಖಾಲಿ ಮಾಡಿ, ತೊಳೆದು, ಒರೆಸಿ ಅತ್ತೆಯ ಕೈಗೆ ಕೊಟ್ಟಳು. ಅತ್ತೆಯ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದರೂ ಆಗಲಿಲ್ಲ.

ಮರುದಿನ ಬೆಳಗ್ಗೆ ಕೋಲು ಹಿಡಿದು ಮೈದಾನಕ್ಕೆ ಹೋದಳು. ಅಣವೀರ ಗ್ಯಾಲರಿಯ ಕಲ್ಲಿನ ಮೇಲೆ ಕುಳಿತಿದ್ದವನು ಎದ್ದು ನಿಂತ.

"ಈಗ ಓಡಿ ಬಂದೆ," ಎಂದ. ಅಂಗಿ ಒಣಗಿತ್ತು.

"ನನ್ನ ಮುಂದ ಇನ್ನೊಮ್ಮೆ ಓಡು."

ಅವನು ಓಡಿದ. ನೀರು ತುಂಬಿದ ಕೊಡ ಹೊತ್ತವನಂತೆ ಕಾಲೆಳೆಯುತ್ತ ಒಂದು ಸುತ್ತು ಹಾಕಿ ಬಂದ. ಹಿಂದಿನಿಂದ ಬರುವ ಅವನ ಹೆಜ್ಜೆಯ ಸದ್ದನ್ನು ವರ್ಷಗಟ್ಟಲೆ ಕೇಳಿದವಳು ಅವಳು. ಇದು ಆ ಹೆಜ್ಜೆಯಲ್ಲ.

"ಬೇಕಂತ ನಿಧಾನ ಓಡಿದಿ."

"ಮತ್ತೇನ್ ಮಾಡ್ಲಿ?" ಅವನ ದನಿ ಒಡೆಯಿತು. "ನೀ ಹಿಂಗ ಕೋಲ ಹಿಡಕೊಂಡು ನಿಂತಿದ್ರ, ನಾ ನಿನ್ನ ಮುಂದ ಹಾರಿಕೋತ ಹೋಗ್ಲೇನು? ಕಾಲ ಏಳಂಗಿಲ್ಲ ಬಸೂ. ನಂಗ ನೌಕರಿ ಬ್ಯಾಡ. ನೀ ಬೇಕು. ನೀ ಅಂದ್ರ ಜೀವ ನಂಗ."

ಎಷ್ಟು ವರ್ಷದಿಂದ ಕಾದ ಮಾತು! ಅದು ಹೀಗೆ ಬರಬೇಕೇ, ಧೂಳಿನಲ್ಲಿ, ಅಳುತ್ತ?

"ಇಷ್ಟು ದಿನ ಯಾಕ ಹೇಳಲಿಲ್ಲ?"

"ನೀ ಯಾವಾಗ್ಲೂ ಮುಂದ ಓಡ್ತಿದ್ದಿ. ನನ್ನ ಕೈಗೆ ಎಲ್ಲಿ ಸಿಕ್ಕಿದ್ದಿ?"

ಅವಳು ನಕ್ಕುಬಿಟ್ಟಳು. ಆಮೇಲೆ ಅವನ ಒಣ ಅಂಗಿಯ ಕಾಲರನ್ನು ಸರಿಮಾಡಿದಳು. ಕೈಯನ್ನು ಅಲ್ಲಿಯೇ ಇಟ್ಟುಕೊಂಡು ಹೇಳಿದಳು:

"ನಂಗೂ ನೀ ಬೇಕು. ಸಣ್ಣಾಕಿ ಇದ್ದಾಗಿಂದ ಬೇಕು. ಅದಕ್ಕ ಹೇಳಾಕತ್ತೀನಿ ಕೇಳು. ನೀ ನನ್ನ ಸಲುವಾಗಿ ನೌಕರಿ ಬಿಟ್ಟು ನಿಂತ್ರ, ದಿನಾ ಮುಂಜಾನಿ ಎದ್ದು ನಿನ್ನ ಮಾರಿ ನೋಡಿದಾಗ ನಂಗ ನನ್ನ ಕಾಲ ಕಾಣ್ತದ. ನೀ ಕಾಣಂಗಿಲ್ಲ. ಹಂಗ ಬದುಕಾಕ ನನ್ನ ಕಡಿಂದ ಆಗಂಗಿಲ್ಲ ಅಣವೀರ."

ಅವನು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ.

"ಓಡು," ಎಂದಳು. "ಖರೆ ಓಡು. ನಾ ನೋಡಬೇಕು."

ಅವನು ಶೂ ಬಿಗಿದುಕೊಂಡು ಹೋದ. ಮೊದಲ ತಿರುವಿನವರೆಗೆ ತಡವರಿಸಿದ. ಆಮೇಲೆ ಮೈ ತನ್ನಷ್ಟಕ್ಕೆ ಬಿಚ್ಚಿಕೊಂಡಿತು. ಭುಜ ಹಗುರಾಯಿತು, ತಲೆ ನೆಟ್ಟಗಾಯಿತು, ಹಿಂದೆ ಕೆಂಧೂಳು ಎದ್ದಿತು. ಅವನ ಓಟ ಇಷ್ಟು ಚೆಂದವೆಂದು ಅವಳಿಗೆ ಗೊತ್ತೇ ಇರಲಿಲ್ಲ. ಅವಳು ಯಾವಾಗಲೂ ಮುಂದಿರುತ್ತಿದ್ದಳಲ್ಲ, ನೋಡುವುದೆಲ್ಲಿಂದ ಬರಬೇಕು? ಕೋಲಿನ ಮೇಲೆ ಗಲ್ಲ ಊರಿ, ಕಣ್ಣು ಮಿಟುಕಿಸದೆ ನೋಡಿದಳು. ಅವನಿಗಾಗಿ ಸಂತೋಷಪಟ್ಟಳು. ಅವನ ಕಾಲುಗಳ ಮೇಲೆ ಹೊಟ್ಟೆಕಿಚ್ಚೂ ಪಟ್ಟಳು. ಇವೆರಡೂ ಇನ್ನು ಒಂದನ್ನೊಂದು ಬಿಟ್ಟಿರಲಾರವು ಎಂದು ಅವತ್ತೇ ಅವಳಿಗೆ ಖಾತ್ರಿಯಾಯಿತು.

ಅಣವೀರ ಓಟದಲ್ಲಿ ಪಾಸಾದ, ಆಮೇಲೆ ಬರೆಯುವ ಪರೀಕ್ಷೆಯಲ್ಲೂ. ತರಬೇತಿಗೆ ಮೈಸೂರಿಗೆ ಹೊರಟ ದಿನ, ಅವಳು ಸುಲೇಪೇಟದ ಶಾಲೆಗೆ ಹೋಗಬೇಕಿತ್ತು. ಅಲ್ಲಿ ಅತಿಥಿ ಶಿಕ್ಷಕಿಯಾಗಿ ಸೇರಿದ್ದಳು. ಇಬ್ಬರೂ ಸೇಡಂ ಬಸ್‌ಸ್ಟ್ಯಾಂಡಿನಲ್ಲಿ ಕುಳಿತರು. ನಡುವೆ ಅವನ ಟ್ರಂಕು.

"ಕಾಯ್ತಿಯೇನು?" ಎಂದ.

"ಇಲ್ಲ."

"ಸುಳ್ಳ ಹೇಳಬ್ಯಾಡ."

"ಸುಳ್ಳಲ್ಲ. ಕಾಯಬೇಕಂದ್ರ ಒಂದಿನ ಎಲ್ಲಾ ಸರಿ ಹೋಗ್ತದ ಅಂತ ನಂಬಬೇಕು. ಕಾಲಿನ ಸಲುವಾಗಿ ಹಂಗ ನಂಬಿ ನಂಬಿ ನಂಗ ಸಾಕಾಗ್ಯದ." ಅವಳು ಸೀರೆಯ ನೆರಿಗೆ ಸರಿಪಡಿಸಿಕೊಂಡಳು. "ಅತ್ತಿ ಮನಸ್ಸು ನಿಂಗ ಗೊತ್ತದ. ಚಿಂಚೋಳಿ ಹುಡುಗಿ ಚೆಂದ ಇದ್ದಾಳಂತ."

"ನಾ ನೋಡಿಲ್ಲ."

"ನೋಡು."

"ನೋಡಂಗಿಲ್ಲ."

"ನೋಡ್ತಿ," ಎಂದಳು ಮೆಲ್ಲಗೆ. "ಇವತ್ತಲ್ಲ. ಆದ್ರ ನೋಡ್ತಿ."

ಕಲಬುರಗಿ ಬಸ್ಸು ಬಂತು. ಅವನು ಟ್ರಂಕು ಎತ್ತುವ ನೆಪದಲ್ಲಿ ಬಾಗಿ, ಅವಳ ಎಡ ಮೊಣಕಾಲಿನ ಮೇಲೆ ಅಂಗೈ ಇಟ್ಟ. ಜನ ನೋಡಿದರು. ನೋಡಲಿ ಎಂದು ಅವಳು ಕಾಲು ಸರಿಸಲಿಲ್ಲ. ಸೀರೆಯ ಮೇಲಿಂದಲೂ ಅಂಗೈಯ ಬಿಸಿ ತಾಗಿತು.

"ಹೋಗಿ ಬರ್ತೀನಿ, ಬಸೂ."

"ಹೋಗು." ಬಾ ಎಂದು ಅವಳು ಹೇಳಲಿಲ್ಲ.

ಬಸ್ಸು ಗೇಟು ದಾಟಿ ತಿರುಗಿತು. ಆಚೆ ಕಟ್ಟೆಯಲ್ಲಿ ಸುಲೇಪೇಟ, ಚಿಂಚೋಳಿ ಎಂದು ಕಂಡಕ್ಟರ್ ಕೂಗುತ್ತಿದ್ದ. ಅಲ್ಲಿಗೆ ಹೋಗಲು ಮೂರು ಮೆಟ್ಟಿಲು ಇಳಿಯಬೇಕು, ಹಿಡಿದುಕೊಳ್ಳಲು ಕಟಾಂಜನವಿಲ್ಲ. ಅಷ್ಟು ದಿನ ಅವನ ತೋಳಿತ್ತು. ಇಳಿಯುವಾಗ ನೋವಿನ ಕಾಲು ಮೊದಲು ಇಡಬೇಕೆಂದು ಅಸ್ಫಿಯಾ ಮೇಡಂ ಹೇಳಿಕೊಟ್ಟಿದ್ದರು. ಬಸವೇಶ್ವರಿ ಕೋಲನ್ನು ಕೆಳಗಿನ ಮೆಟ್ಟಿಲಿಗೆ ಊರಿದಳು. ಕಣ್ಣಲ್ಲಿ ನೀರು ತುಂಬಿ ಮೆಟ್ಟಿಲಿನ ಅಂಚು ಸರಿಯಾಗಿ ಕಾಣಲಿಲ್ಲ. ಸೆರಗಿನಿಂದ ಒರೆಸಿಕೊಂಡು, ಅಂಚು ಕಾಣುವವರೆಗೆ ನಿಂತು, ಎಡಗಾಲನ್ನು ಮೊದಲು ಇಳಿಸಿದಳು.