ನಾಲ್ಕಾದ ಮೇಲೆ ಎಣಿಸಿದ ದನಿ

ನಾನು ಅರಿವಳಿಕೆ ವೈದ್ಯೆ, ದೆವ್ವಗಿವ್ವ ನಂಬುವವಳಲ್ಲ. ಅಂದು ಹೆರಿಗೆಗೆ ಬಂದವಳ ಹೊಟ್ಟೆಯೊಳಗಿನ ಮಗುವಿನ ಎದೆಬಡಿತ ಕುಸಿಯುತ್ತಿತ್ತು. ಸಿಸೇರಿಯನ್‌ಗೆ ತಾಯಿಯನ್ನು ಪೂರ್ತಿ ಮಲಗಿಸದೆ ದಾರಿಯಿರಲಿಲ್ಲ.

"ಎಣಿಸ್ತಾ ಹೋಗಮ್ಮ," ಎನ್ನುತ್ತ ನಿದ್ದೆಯ ಔಷಧಿ ಹರಿಸಿದೆ. ನಾಲ್ಕಕ್ಕೆ ಕಣ್ಣು ಮುಚ್ಚಿದಳು. ಸ್ನಾಯು ಸಡಿಲಿಸುವ ಔಷಧಿಯನ್ನೂ ಕೊಟ್ಟು, ಗಂಟಲಿಗೆ ಉಸಿರಿನ ಕೊಳವೆ ಇಳಿಸಿದೆ. ಕೊಳವೆಯಿದ್ದರೆ ಯಾರಿಗೂ ದನಿ ಹೊರಡದು.

"ಐದು," ಎಂದು ಕೇಳಿಸಿತು.

ನರ್ಸ್ ಬಿಳಚಿಕೊಂಡಳು. "ಮೇಡಂ, ಅವ್ರಿಗೆ ಎಚ್ಚರ ಇದೆಯಾ?"

ತಾಯಿಯ ತುಟಿ ಅಲುಗಿರಲಿಲ್ಲ. ಆದರೂ ಇನ್ನಷ್ಟು ನಿದ್ದೆಯ ಔಷಧಿ ಕೊಟ್ಟೆ.

"ಆರು." ನನ್ನ ಕಿವಿಗೆ ತಣ್ಣನೆಯ ಉಸಿರು ತಾಗಿತು.

"ಏಳು" ಎನ್ನುವಾಗ ಮಗು ಹೊರಬಂದು ಚೀರಿತು. ದನಿ ನಿಂತಿತು.

ಎಚ್ಚರವಾದ ಮೇಲೆ ತಾಯಿ ಮಗುವನ್ನು ಎದೆಗವಚಿಕೊಂಡು ಪಿಸುಗುಟ್ಟಿದಳು: "ನಾನು ನಾಲ್ಕಕ್ಕೇ ನಿಲ್ಲಿಸ್ದೆ ಮೇಡಂ. ಆಮೇಲೆ ಎಣಿಸಿದ್ದು ಯಾರು?"